ತಲೆ ಮುಟ್ಟದ ಅತಿಥಿ

ನವೆಂಬರ್ ತಿಂಗಳು. ಸಿರ್‌ದರ್ಯಾ ನದಿಯ ಅಂಚಿನಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟತೊಡಗಿದ ವಾರ. ಬುಧವಾರ, ದೀಪ ಹಾಕುವ ಹೊತ್ತು.

“ಆ ಕೋಟು ಕೇಳಿದ ತಕ್ಷಣ ಕೊಡಬೇಡಿ, ಎಸೆಕೆ,” ಎಂದಳು ಶಾರ್ಬಾನು.

ಅದು ವಿಚಾರಣೆಯ ಆಯೋಗದಿಂದ ಬಂದ ಕುವಾನಿಶ್‌ನ ಕೋಟು. ಅಲ್ಮಾಟಿಯ ಕರಿ ಉಣ್ಣೆ, ಒಳಗೆ ರೇಷ್ಮೆಯ ಅಸ್ತರಿ. ಮನುಷ್ಯ ಮಹಡಿಯ ಮೇಲಿದ್ದ. ಇಳಿದು ಬಂದರೆ ನನ್ನ ಹತ್ತಿರ ಬರದೆ ವಿಧಿಯಿಲ್ಲ. ನಮ್ಮ ಕಿಜಿಲೋರ್ದಾದ ವಿಶ್ವವಿದ್ಯಾಲಯದಲ್ಲಿ ಕುಲಪತಿಯೇ ಆಗಲಿ, ಕೋಟು ಬಿಚ್ಚಿ ನನ್ನ ಕಟ್ಟೆಯ ಮೇಲಿಟ್ಟು ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡೇ ಗ್ರಂಥಾಲಯದೊಳಗೆ ಕಾಲಿಡಬೇಕು. ಎಸಿರ್ಕೆಪ್ ಎಂಬ ನಾನು, ಗೌರವಕ್ಕೆ ಎಲ್ಲರೂ ಎಸೆಕೆ ಎನ್ನುವವನು, ಆ ಕಟ್ಟೆಯ ಹಿಂದೆ ಕೂತೇ ಮುದುಕನಾದೆ.

ಶಾರ್ಬಾನು ಪಕ್ಕದ ಬೆಂಚಿನ ಮೇಲೆ ಕೂತಳು. ಕೈಯಲ್ಲೊಂದು ತೆಳು ಪುಸ್ತಿಕೆ. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೇಸಿಗೆಯ ಕೊನೆಯಿಂದ ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ.

ಅವಳು ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸದವಳಲ್ಲ. ನಮ್ಮ ಮಾಸ್ತರರು ಬರೆದದ್ದನ್ನು ಲೋಕದಲ್ಲಿ ಯಾರು ಓದಿದರು, ಯಾರು ತಮ್ಮ ಬರಹದಲ್ಲಿ ಅವರ ಹೆಸರೆತ್ತಿದರು, ಯಾವ ಸೀಮೆಯ ಹೊಲಕ್ಕೆ ಅದು ಉಪಯೋಗಕ್ಕೆ ಬಂತು ಎಂದು ಹುಡುಕಿ ಎಣಿಸುವವಳು. ಎಣಿಕೆ ಚೆನ್ನಾಗಿದ್ದವರಿಗೆ ಪದವಿ, ಪ್ರಯೋಗಶಾಲೆ, ಗೌರವ. ಇಲ್ಲದವರಿಗೆ ಅವಳೇ ದಾರಿ ಹೇಳುತ್ತಿದ್ದಳು, ಎಲ್ಲಿ ಬರೆಯಬೇಕು, ಯಾವ ಪತ್ರಿಕೆ ಮೋಸದ್ದು ಎಂದು. ಇದೆಲ್ಲ ಏನಮ್ಮ ಎಂದು ಒಮ್ಮೆ ಕೇಳಿದ್ದಕ್ಕೆ, “ಶುಕ್ರವಾರ ಸತ್ತವರ ಹೆಸರು ಹೇಳಿ ರೊಟ್ಟಿ ಕರೀತೀವಲ್ಲ ಎಸೆಕೆ, ಹಾಗೇ ಅಂದ್ಕೊಳ್ಳಿ. ಯಾರ ಹೆಸರಲ್ಲಿ ಎಲ್ಲೆಲ್ಲಿ ಎಣ್ಣೆ ಕಾಯ್ತಿದೆ ಅಂತ ಮೂಸಿ ನೋಡೋದೇ ನನ್ನ ಕೆಲಸ,” ಎಂದಿದ್ದಳು.

ಮಾಸ್ತರರಲ್ಲಿ ಅತಿ ಹೆಚ್ಚು ರೊಟ್ಟಿ ಕರಿದದ್ದು ಬಾಯ್‌ಜಾನ್ ಹೆಸರಲ್ಲಿ. ಉಪ್ಪು ಹತ್ತಿದ ಭೂಮಿಯನ್ನು ತೊಳೆದು ಮತ್ತೆ ಭತ್ತ ಬೆಳೆಯುವುದು ಹೇಗೆಂದು ಬರೆದವನು. ಈಜಿಪ್ಟಿನಿಂದ ಚೀನಾದವರೆಗೆ ಅವನ ಬರಹ ಹಿಡಿದು ಕೆಲಸ ಮಾಡಿದವರನ್ನೆಲ್ಲ ಶಾರ್ಬಾನು ಹುಡುಕಿ ತೆಗೆದಿದ್ದಳು. ಹೊಸದೊಂದು ಸಿಕ್ಕಾಗ ಕೆಳಗಿಳಿದು ಬಂದು ಇದೇ ಕಟ್ಟೆಯ ಬಳಿ ಅವನಿಗೆ ಹೇಳುವಳು. ಅವನು ಉಪ್ಪು ಹಿಡಿದ ಬೂಟು ನೋಡುತ್ತ, “ಅಲ್ಲೂ ಬೆಳೀತಂತಾ ಭತ್ತ?” ಎಂದಷ್ಟೇ ಕೇಳುವನು.

ಕಳೆದ ವಸಂತದಲ್ಲಿ ಬತ್ತಿದ ಅರಾಲ್ ಸಮುದ್ರದ ತಳಕ್ಕೆ ಉಪ್ಪು ಅಳೆಯಲು ಹೋದವನು ತಿರುಗಿ ಬರಲಿಲ್ಲ. ಜೀಪು ಸಿಕ್ಕಿತು, ಬಾಗಿಲು ತೆರೆದಿತ್ತು. ದೇಹ ಸಿಗಲಿಲ್ಲ. ಹುಡುಕಿ ಸೋತು, ಸತ್ತವರಿಗೆ ಹಾಕುವ ನಲವತ್ತನೆಯ ದಿನದ ಊಟವನ್ನೂ ಹಾಕಿ ಮುಗಿಸಿದರು.

ಆಮೇಲೆ ಬೇಸಿಗೆ ಮುಗಿಯುವಷ್ಟರಲ್ಲಿ ಅವನ ಬರಹಗಳೆಲ್ಲ ಲೋಕದವರೆಲ್ಲ ನೋಡುವ ಕಂಪ್ಯೂಟರಿನ ಪಟ್ಟಿಯಲ್ಲಿ ಒರಜಾಲಿಯ ಹೆಸರಿಗೆ ಸರಿದಿದ್ದವು. ಒರಜಾಲಿ ನಮ್ಮ ಉಪಕುಲಪತಿ, ಸಂಶೋಧನೆಯ ಉಸ್ತುವಾರಿ ಅವನದೇ. ವಯಸ್ಸಿನಲ್ಲಿದ್ದಾಗ ಬಾಯ್‌ಜಾನ್ ಜೊತೆ ಒಂದೇ ಡೇರೆಯಲ್ಲಿ ಮಲಗಿದವನು. ಸರಿಸಿ ಎಂದು ಕೋರಿಕೆ ಹೋದದ್ದು ಶಾರ್ಬಾನುವಿನ ಹೆಸರಿನಿಂದ. ತನಗೆ ಒಂದೂ ಗೊತ್ತಿಲ್ಲ, ಗ್ರಂಥಾಲಯದ ಹೆಂಗಸು ತನ್ನನ್ನು ಮೆಚ್ಚಿಸಲು ಹೀಗೆ ಮಾಡಿರಬೇಕು ಎಂದುಬಿಟ್ಟ ಒರಜಾಲಿ.

ಆಯೋಗದ ಮುಖ್ಯಸ್ಥನಾಗಿ ಬಂದ ಕುವಾನಿಶ್ ಕೂಡ ಅದನ್ನೇ ಬರೆದಿಟ್ಟಿದ್ದ. ಗುರುವಾರ ಮಧ್ಯಾಹ್ನ ಸಹಿ. ಸಹಿ ಬಿದ್ದರೆ ಶಾರ್ಬಾನು ಕಳ್ಳಿ. ಕೆಲಸ ಹೋಗುವುದು ಹಾಗಿರಲಿ, ಈ ದೇಶದ ಯಾವ ಗ್ರಂಥಾಲಯವೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಅವಳ ಬಳಿ ಇದ್ದದ್ದು ಒಂದೇ ವಾದ. ಒಬ್ಬರ ಬರಹ ಇನ್ನೊಬ್ಬರ ಹೆಸರಿಗೆ ಸರಿಯಬೇಕಾದರೆ ಮೂಲ ಲೇಖಕನ ಕಂಪ್ಯೂಟರಿನ ಅಂಚೆಪೆಟ್ಟಿಗೆಗೆ ಕೇಳಿಕೆ ಹೋಗುತ್ತದೆ. ಅವನು ಆಗಲಿ ಎನ್ನಬೇಕು. ಕೋರಿಕೆಯನ್ನು ಅವಳ ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದಿತ್ತು, ಅವಳ ಕಂಪ್ಯೂಟರಿನ ಮುಂದೆ ಕೂರುವವರು ಹಲವರು. ಆದರೆ ಬಾಯ್‌ಜಾನ್‌ನ ಪೆಟ್ಟಿಗೆಯಿಂದ ಆಗಲಿ ಎಂದವರು ಯಾರು? ಅದನ್ನು ನೋಡಿ ಎಂದು ಅವಳು ಆಯೋಗದ ಮುಂದೆ ಕೇಳಿಕೊಂಡಳು. ಅದು ಬೇಡದ ವಿಷಯ ಎಂದು ಕುವಾನಿಶ್ ತಳ್ಳಿಹಾಕಿದ. ಆವತ್ತೇ ಅವಳಿಗೆ ಅವನ ಮೇಲೆ ಅನುಮಾನ ಬಂದದ್ದು.

ಇನ್ನು ಮಂಗಳವಾರದ ಔತಣದ ಸಂಗತಿ. ಅದನ್ನು ಅವಳಿಗೆ ಹೇಳಿದವನು ನಾನೇ, ಬುಧವಾರ ಬೆಳಿಗ್ಗೆ, ಸುಮ್ಮನೆ ಊರ ಸುದ್ದಿ ಹೇಳುವ ಹಾಗೆ.

ಒರಜಾಲಿ ಆಯೋಗದವರಿಗೆ ಮನೆಯಲ್ಲಿ ಕುರಿ ಕಡಿಸಿದ್ದ. ಊಟದ ಕೊನೆಗೆ ಆಶೀರ್ವಾದ ಹೇಳಲು ಒಂದು ಬಿಳಿ ಗಡ್ಡ ಬೇಕಲ್ಲ, ನನ್ನನ್ನೂ ಕರೆಸಿದ್ದ. ಬೇಯಿಸಿದ ತಲೆಯ ತಟ್ಟೆ ಬಂತು. ಬಡಿಸುವವನ ಕೈಯಿಂದ ಒರಜಾಲಿಯೇ ಅದನ್ನು ತೆಗೆದುಕೊಂಡು, ನನ್ನನ್ನು ದಾಟಿ, ಕುವಾನಿಶ್‌ನ ಮುಂದಿಟ್ಟ. ನನಗೇನೂ ಬೇಸರವಿಲ್ಲ. ಹಲ್ಲಿಲ್ಲದವನಿಗೆ ತಲೆ ಕಟ್ಟಿಕೊಂಡು ಆಗುವುದೇನು. ಅತಿಥಿಗೆ ಕೊಟ್ಟ, ಅಷ್ಟೇ ಅಂದುಕೊಂಡೆ.

ಆ ಹುಡುಗ ಚಾಕುವಿಗೆ ಚಾಚಿದ ಕೈ ಹಿಂದೆಳೆದುಕೊಂಡ. ತಟ್ಟೆಯನ್ನು ನನ್ನ ಕಡೆ ತಿರುಗಿಸಿ, ಹಿರಿಯರಿದ್ದಾರೆ, ಅವರೇ ಹೆಚ್ಚಲಿ ಎಂದ. ಕಿವಿಯನ್ನಾದರೂ ಕೊಯ್ದು ಮಕ್ಕಳಿಗೆ ಕೊಡಪ್ಪ ಎಂದು ಒರಜಾಲಿ ಒತ್ತಾಯ ಮಾಡಿದ. ಹುಡುಗ ನಕ್ಕು ಕೈ ತೊಳೆಯಲು ಎದ್ದುಹೋದ.

ಎಷ್ಟು ಮರ್ಯಾದೆಯ ಹುಡುಗ ನೋಡು, ಎಂದೆ ನಾನು ಶಾರ್ಬಾನುವಿಗೆ. ಅವಳು ಬಿಲ್ಲೆ ತೆಗೆದುಕೊಳ್ಳುವುದನ್ನೇ ಮರೆತು ನಿಂತಳು. ಕಿವಿಯನ್ನೂ ಮುಟ್ಟಲಿಲ್ಲವೇ ಎಂದು ಎರಡು ಸಲ ಕೇಳಿದಳು. ಆಮೇಲೆ ಮೇಲೆ ಹೋದವಳು ಮಧ್ಯಾಹ್ನದ ಚಹಾಕ್ಕೂ ಇಳಿಯಲಿಲ್ಲ.

ಈಗ ಅವಳು ಬೆಂಚಿನ ಮೇಲಿದ್ದಳು. ಮೆಟ್ಟಿಲಿನಲ್ಲಿ ಬೂಟಿನ ಸದ್ದಾಯಿತು.

ಕುವಾನಿಶ್ ಬಂದು ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟ. ಇನ್ನೂ ಚಿಕ್ಕ ವಯಸ್ಸು, ಆದರೆ ಭುಜ ಇಳಿಬಿದ್ದಿತ್ತು. ದಿನವೆಲ್ಲ ಬೇರೆಯವರ ತಪ್ಪು ಬರೆಯುವುದೂ ದಣಿವಿನ ಕೆಲಸವೇ ಇರಬೇಕು.

“ಕೋಟು ಕೊಡಿ ತಾತ.”

“ಕೊಕ್ಕೆಗೆ ಸಿಕ್ಕಿಹಾಕ್ಕೊಂಡಿದೆ ಕಣಪ್ಪ,” ಎಂದೆ. “ಎಳೆದ್ರೆ ನಿನ್ನ ಅಲ್ಮಾಟಿ ಅಸ್ತರಿ ಹರಿಯುತ್ತೆ. ಸ್ವಲ್ಪ ತಾಳು.”

ಶಾರ್ಬಾನು ಏಳಲಿಲ್ಲ. ಕೂತಲ್ಲಿಂದಲೇ, ಯಾರಾದರೂ ಯಾರನ್ನಾದರೂ ಕೇಳುವ ಹಾಗೆ ಕೇಳಿದಳು.

“ನಿಮ್ಮ ತಂದೆಯವರು ಆರೋಗ್ಯವಾಗಿದ್ದಾರಾ?”

ಅವನು ಅವಳ ಕಡೆ ತಿರುಗಿ, ಹಿರಿಯ ಹೆಂಗಸನ್ನು ಕರೆಯುವ ಹಾಗೆ ಆಪಾಯ್ ಎಂದೇ ಕರೆದ. “ನಮ್ಮ ತಂದೆ ತೊಕ್ಸಾನ್‌ಬಾಯ್. ಅವರು ಹೋಗಿ ಬಹಳ ವರ್ಷ ಆಯ್ತು ಆಪಾಯ್. ನನ್ನ ಕಾಗದಗಳಲ್ಲಿ ಇದೆಯಲ್ಲ, ನೀವು ನೋಡಿರ್ತೀರಿ.”

“ನೋಡಿದೆ. ಹಾಗಾದ್ರೆ ನಿನ್ನೆ ಕುರಿ ತಲೆಗೆ ಯಾಕೆ ಚಾಕು ಹಾಕ್ಲಿಲ್ಲ?”

ಮೇಲಿನ ದೀಪ ಒಂದು ಗಳಿಗೆ ಮಿಣುಕಿ ಮತ್ತೆ ನಿಂತಿತು. ತಂದೆ ಬದುಕಿರುವ ಗಂಡಸು ನಮ್ಮಲ್ಲಿ ತಲೆ ಕೊಯ್ಯುವುದಿಲ್ಲ. ಕೊಯ್ದರೆ ತಂದೆಯ ಸಾವು ಬಯಸಿದ ಹಾಗೆ. ಇದು ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು. ನನಗೆ ಮಾತ್ರ ಬೆಳಿಗ್ಗೆ ಹೊಳೆದಿರಲಿಲ್ಲ. ಹೊಗಳಿಕೊಂಡು ಕೂತಿದ್ದೆ.

“ಎದುರಿಗೆ ಹಿರಿಯರಿದ್ರು,” ಎಂದ ಅವನು. “ಮರ್ಯಾದೆಗೆ ಕೊಟ್ಟೆ.”

“ಮರ್ಯಾದೆಗೆ ತಲೆ ಕೊಡಬಹುದು. ಕಿವಿ?”

ಅವನು ಕೋಟಿನ ಕಡೆ ನೋಡಿದ.

ಶಾರ್ಬಾನು ಪುಸ್ತಿಕೆಯನ್ನು ಬೆಂಚಿನ ಮೇಲಿಟ್ಟಳು. ಅದು ಸೋವಿಯತ್ ಕಾಲದ್ದು. ಭತ್ತದ ಸರ್ಕಾರಿ ಜಮೀನಿನವರು ತಮ್ಮ ರೈತರಿಗೆ ಹಂಚಲು ಅಚ್ಚು ಹಾಕಿಸಿದ್ದು. ಉಪ್ಪು ತೊಳೆಯಲು ಯಾವ ತಿಂಗಳು ಎಷ್ಟು ನೀರು ಬಿಡಬೇಕು, ಇಷ್ಟೇ ಅದರಲ್ಲಿ ಇದ್ದದ್ದು. ನೀರು ಬಿಡುವವರ ಕೈಯಲ್ಲಿ ನೆನೆದು ನೆನೆದು ಎಲ್ಲ ಹಾಳಾಗಿಹೋಯಿತು. ಗ್ರಂಥಾಲಯದಲ್ಲಿ ಉಳಿದದ್ದು ಇದೊಂದು.

ಅವಳು ಧ್ವನಿ ಏರಿಸದೆ ಹೇಳುತ್ತ ಹೋದಳು. ತಾನು ಯಾವಾಗಲೂ ಒಬ್ಬರನ್ನು ಯಾರು ನೆನೆದರು ಎಂದು ಹುಡುಕುವವಳು. ಇವತ್ತು ದಿನವಿಡೀ ಈ ಮನುಷ್ಯ ಯಾರನ್ನು ನೆನೆದಿದ್ದಾನೆ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿದಳು. ಅಲ್ಮಾಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವನು ಬರೆದ ಮೊದಲ ಪ್ರಬಂಧದಲ್ಲಿ ಈ ಪುಸ್ತಿಕೆಯ ಹೆಸರಿತ್ತು. ಅದು ಯಾವ ಅಂಗಡಿಗೂ ಹೋಗದ, ಯಾವ ಕಂಪ್ಯೂಟರಿಗೂ ಏರದ ಪುಸ್ತಿಕೆ. ಇಲ್ಲಿಗೆ ಬಂದು ಓದಿದವನೂ ಅಲ್ಲ.

“ಯಾರು ಯಾರನ್ನ ಉಲ್ಲೇಖಿಸ್ತಾರೆ ಅಂತ ನೋಡಿದ್ರೆ, ಯಾರ ಮನೇಲಿ ಯಾರು ಉಂಡು ಬೆಳೆದ್ರು ಅಂತ ಗೊತ್ತಾಗುತ್ತೆ,” ಎಂದಳು. “ಬರೆದವರ ಮನೆ ಕಪಾಟಲ್ಲಿ ಬಿಟ್ರೆ ಇದು ನಿಮಗೆ ಇನ್ನೆಲ್ಲಿ ಸಿಗ್ಬೇಕು. ಮೇಲೆ ಎರಡು ಹೆಸರಿದೆ ನೋಡಿ. ಬಾಯ್‌ಜಾನ್, ಒರಜಾಲಿ. ಒಬ್ರು ಹೋದ್ರು. ಇನ್ನೊಬ್ರು ನಿನ್ನೆ ನಿಮ್ಮೆದುರಿಗೇ ಕೂತಿದ್ರು. ತೊಕ್ಸಾನ್‌ಬಾಯ್ ನಿಮ್ಮ ಅಜ್ಜ ಇರ್ಬೇಕು. ಅಜ್ಜನ ಮನೇಲಿ ಅಜ್ಜನ ಹೆಸರಲ್ಲಿ ಬೆಳೆದ್ರೆ ರಕ್ತ ಬದಲಾಗಲ್ಲ. ಒರಜಾಲಿ ಮಗ ಒರಜಾಲಿಯದೇ ವಿಚಾರಣೆ ಮಾಡೋ ಹಾಗಿಲ್ಲ. ನಾಳೆ ಸಹಿಗೆ ಮುಂಚೆ ನೀವಾಗೇ ಎದ್ದುಹೋದ್ರೆ ಸರಿ. ಇಲ್ಲಾಂದ್ರೆ ನಾನು ಹೇಳ್ತೀನಿ.”

ಹೇಳಿ ಮುಗಿಸಿ ಗೋಡೆಗೆ ತಲೆ ಒರಗಿಸಿದಳು. ಗೆದ್ದವಳ ಹಾಗೆ ಕಾಣಲಿಲ್ಲ. ಬಹಳ ದೂರದಿಂದ ಹೊರೆ ಹೊತ್ತು ತಂದು ಇಳಿಸಿದವಳ ಹಾಗೆ ಕಂಡಳು.

ಕುವಾನಿಶ್ ಪುಸ್ತಿಕೆಯನ್ನು ಎತ್ತಿಕೊಂಡ. ಅಂಚನ್ನು ಹೆಬ್ಬೆರಳಲ್ಲಿ ಸವರಿದ. ಅವನ ಬಾಯಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು.

“ಶಾರ್ಬಾನು ಎಣಿಕೇಲಿ ತಪ್ಪಲ್ಲ ಅಂತಿದ್ರು ಅವರು. ಎರಡರಲ್ಲಿ ಒಂದು ಹೆಸರು ಆರಿಸೋದ್ರಲ್ಲಿ ತಪ್ಪಿದ್ರಿ ಆಪಾಯ್.”



ಆಮೇಲೆ ಅವನು ಹೇಳಿದ್ದು ಇಷ್ಟು. ತೊಕ್ಸಾನ್‌ಬಾಯ್ ಅವನ ತಾಯಿಯ ತಂದೆ. ಅವನು ಹುಟ್ಟಿದಾಗ ತಾಯಿಯ ತಂದೆತಾಯಿಗೆ ಬೇರೆ ಮಕ್ಕಳು ಉಳಿದಿರಲಿಲ್ಲ. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿ ತಮ್ಮ ಮಗನಾಗಿ ಸಾಕುವುದು ನಮ್ಮಲ್ಲಿ ಇದ್ದದ್ದೇ. ಗಂಡನ ಕಡೆಯವರು ಇಟ್ಟುಕೊಳ್ಳುವುದು ರೂಢಿ, ಹೆಂಡತಿಯ ಕಡೆಗೆ ಕೊಡುವುದು ಅಪರೂಪ. ಅದಕ್ಕೇ ಯಾರ ತಲೆಗೂ ಹೋಗಲಿಲ್ಲ. ಹೆತ್ತವಳನ್ನು ಅಕ್ಕ ಎಂದ, ಹೆತ್ತವನನ್ನು ಭಾವ ಎಂದ. ರಜೆಯಲ್ಲಿ ಭಾವ ಬರುವಾಗ ಬೂಟು ತುಂಬ ಉಪ್ಪು ಇರುತ್ತಿತ್ತು.

“ಅಷ್ಟು ವರ್ಷ ಭಾವ ಭಾವ ಅಂತಾನೇ ಕರೆದೆ,” ಎಂದ. “ನನ್ನಪ್ಪ ಬಾಯ್‌ಜಾನ್.”

ಯಾರೂ ಕೇಳದಿದ್ದರೂ ನಾನು ಬಾಯಿ ಹಾಕಿದೆ. “ಅವನ ನಲವತ್ತರ ಊಟ ನಾವೆಲ್ಲ ಉಂಡಿದ್ದೀವಲ್ಲಪ್ಪ.”

“ನೀವು ಉಂಡ್ರಿ ತಾತ. ನಾನು ಬರ್ಲಿಲ್ಲ. ಬದುಕಿರೋರ ಹೆಸರಲ್ಲಿ ಹೇಗೆ ಉಣ್ಲಿ?”

ಶಾರ್ಬಾನು ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಸಂತೋಷ ಬರುತ್ತದೆಂದು ಕಾದೆ. ಬಂತು, ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಅವಳು ಆ ಅಂಚೆಪೆಟ್ಟಿಗೆಯ ಬಗ್ಗೆ ಯೋಚಿಸುತ್ತಿದ್ದಳು ಎಂದು ನನಗೂ ತಿಳಿಯಿತು.

“ಹಾಗಾದ್ರೆ ಆಗಲಿ ಅಂದಿದ್ದು...”

“ಅವರೇ.” ಅವನು ಬೆಂಚಿನ ಇನ್ನೊಂದು ತುದಿಗೆ ಕೂತ. “ಬೇಸಿಗೇಲಿ ಒಂದೇ ಒಂದು ಸಲ ಫೋನ್ ಮಾಡಿದ್ರು, ಬೇರೆ ಯಾರದ್ದೋ ಫೋನಿಂದ. ಬರಹ, ಎಣಿಕೆ ಎಲ್ಲಾ ತಗೊಳ್ಳಲಿ, ನನ್ನನ್ನ ಹುಡುಕ್ಕೊಂಡು ಬರದೆ ಇದ್ರೆ ಸಾಕು ಅಂದ್ರು. ಯಾರಿಗೆ ಹೆದರಿದಾರೆ ಅಂತ ಹೇಳ್ಲಿಲ್ಲ. ಅರಾಲ್ ಕಡೆ ಒಂಟೆ ಸಾಕೋರ ಹಟ್ಟೀಲಿದಾರೆ ಅಂತ ಮಾತ್ರ ಗೊತ್ತು.”

“ಅದನ್ನ ಮುಚ್ಚೋದಕ್ಕೆ ನನ್ನನ್ನ ಕಳ್ಳಿ ಮಾಡ್ದೆ.”

ನೀವು ಎನ್ನುತ್ತಿದ್ದವಳು ನೀನು ಎಂದದ್ದು ಆಗಲೇ. ಬಾಯ್‌ಜಾನ್‌ನ ಮಗ ಅಂದ ಮೇಲೆ ಬೈಯಲಿಕ್ಕೂ ಸಲುಗೆ ಬಂದಿತ್ತು.

“ಪೆಟ್ಟಿಗೆ ತೆಗೆಸಿ ನೋಡಿದ್ರೆ ಅವರು ಬದುಕಿದಾರೆ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು ಆಪಾಯ್. ನಿಮ್ಮ ಕೆಲಸವೋ ಅಪ್ಪನ ಜೀವವೋ ಅಂತ ಬಂತು.”

“ನನ್ನ ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ ಅಂದ್ಕೊಂಡ್ಯಾ?”

ಅವನು ಪುಸ್ತಿಕೆಯನ್ನು ಬೆಂಚಿನ ಮೇಲಿಟ್ಟ.

“ಅವರು ಬರೆದದ್ದನ್ನ ಅವರು ಕೊಡಬಹುದು,” ಎಂದಳು ಅವಳು. “ನನ್ನ ಹೆಸರನ್ನ ಕೊಡೋಕೆ ಅವರ್ಯಾರು? ನಾನು ಊರೂರು ಹುಡುಕಿ ತಂದದ್ದು ಅದೆಲ್ಲ. ಅಲ್ಲೂ ಬೆಳೀತಂತಾ ಭತ್ತ ಅಂತ ಕೇಳ್ತಿದ್ರು.”

ಅಳಲಿಲ್ಲ. ಸ್ವೆಟರಿನ ತೋಳಿನ ದಾರ ಎಳೆಯುತ್ತ ಕೂತಳು. ನಾನು ಚಹಾ ಬಗ್ಗಿಸಿ ಇಬ್ಬರಿಗೂ ಕೊಟ್ಟೆ. ಹುಡುಗ ಎರಡೂ ಕೈ ಚಾಚಿ ತೆಗೆದುಕೊಂಡ. ನಾಳೆ ಸಹಿ ಮಾಡಬೇಕಾದ ಕೈ ಅದು ಎಂದು ನೆನಪಾಯಿತು.

ಅವಳು ಒಂದು ಮಾತು ಹೇಳಿದರೆ ಆಯೋಗ ಮುರಿದುಬೀಳುತ್ತಿತ್ತು, ಅವಳ ಹೆಸರು ಉಳಿಯುತ್ತಿತ್ತು. ಹೇಳುವ ಮೊದಲು ಬಾಯ್‌ಜಾನ್‌ನ ಬಾಯಿಂದಲೇ ಕೇಳಬೇಕು ಎಂದಳು. ಬೆಳಗಿನ ರೈಲಿಗೆ ಅರಾಲ್‌ಗೆ ಹೋಗುವುದು. ಸಹಿಯ ಹೊತ್ತಿಗೆ ಅವಳು ಇಲ್ಲಿರುವುದಿಲ್ಲ, ಓಡಿಹೋದಳು ಎನ್ನುತ್ತಾರೆ ಎಂದೆ. ಅನ್ನಲಿ ಎಂದಳು. ಮುಖ್ಯಸ್ಥನೇ ಇಲ್ಲದೆ ಸಹಿ ಬೀಳುವುದು ಹೇಗೆ, ತಾನೂ ಬರುತ್ತೇನೆ ಎಂದ ಕುವಾನಿಶ್.

“ಇಬ್ಬರೂ ಒಟ್ಟಿಗೆ ಕಾಣೆಯಾದ್ರೆ ಊರವರು ಬೇರೆ ಕಥೆ ಕಟ್ತಾರೆ,” ಎಂದೆ.

“ಈ ವಯಸ್ಸಲ್ಲಿ ಆ ಕಥೆ ಕಟ್ಟಿದ್ರೆ ಉಪಕಾರ ಆಯ್ತು ಬಿಡಿ,” ಎಂದಳು ಶಾರ್ಬಾನು. ಎಷ್ಟೋ ತಿಂಗಳ ಮೇಲೆ ಅವಳು ಆಡಿದ ತಮಾಷೆ ಅದು. ಹುಡುಗ ತಲೆ ತಗ್ಗಿಸಿ ನಕ್ಕ.

ನಾನು ಕೋಟು ತಂದುಕೊಟ್ಟೆ. ಅವನು ತೋಳು ತೂರಿಸುತ್ತಿದ್ದಾಗ ಅವಳ ಮುಖದ ನಗು ನಿಂತಿತು.

“ಎಸೆಕೆ, ಆ ತಲೆ ಇವನ ಮುಂದೆ ಇಟ್ಟಿದ್ದು ಯಾರು ಅಂದ್ರಿ?”

“ಒರಜಾಲಿ.”

“ಬಡಿಸೋರಿದ್ರಲ್ಲ.”

“ಇದ್ರು. ಅವರ ಕೈಯಿಂದ ಇಸ್ಕೊಂಡು ಅವನೇ ಇಟ್ಟ.”

“ಕಿವಿ ಕೊಯ್ಯಿ ಅಂತ ಒತ್ತಾಯ ಮಾಡಿದ್ದೂ ಅವರೇ.”

ಹೌದೆಂದೆ. ಹೇಳುವಾಗಲೇ ನನಗೂ ಹೊಳೆಯಿತು. ಒಂದೇ ಡೇರೆಯಲ್ಲಿ ಮಲಗಿದವನಿಗೆ ಗೆಳೆಯನ ಚೊಚ್ಚಲ ಮಗು ಎಲ್ಲಿ ಬೆಳೆಯಿತೆಂದು ಗೊತ್ತಿರದೆ ಇರುತ್ತದೆಯೇ? ಸತ್ತವನ ಪೆಟ್ಟಿಗೆಯಿಂದ ಆಗಲಿ ಎಂದು ಬಂದಾಗಲೇ ಅವನಿಗೆ ಅನುಮಾನ ಹುಟ್ಟಿರಬೇಕು. ಅವನಿಗೆ ಬೇಕಿದ್ದದ್ದು ಅತಿಥಿಯ ಗೌರವವಲ್ಲ. ಮಗ ತಲೆಗೆ ಚಾಕು ಹಾಕುತ್ತಾನೋ ಇಲ್ಲವೋ ನೋಡಬೇಕಿತ್ತು. ನೋಡಿದ.

ಕುವಾನಿಶ್ ಕೋಟಿನ ಒಂದು ತೋಳು ಹಾಕಿಕೊಂಡು ಹಾಗೇ ನಿಂತಿದ್ದ. “ಅಪ್ಪ ಬದುಕಿದಾರೆ ಅಂತ ನಾನೇ ಅವನಿಗೆ ಹೇಳಿದ ಹಾಗಾಯ್ತು,” ಎಂದ.

ಬೆಳಗಿನ ರೈಲು ಹಿಡಿದರೆ ಅವನಿಗಿಂತ ಮುಂಚೆ ತಲುಪಬಹುದು, ನಾಳೆ ಸಹಿಯ ಸಭೆ ಬಿಟ್ಟು ಉಪಕುಲಪತಿ ಎಲ್ಲಿಗೂ ಹೊರಡಲಾರ ಎಂದಳು ಶಾರ್ಬಾನು. ಅವಳ ಧ್ವನಿಯಲ್ಲಿ ಅಷ್ಟು ಭರವಸೆ ಇರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ.

ಗುರುವಾರ ಬೆಳಗಿನ ರೈಲಿಗೆ ಇಬ್ಬರೂ ಹೋದರು. ನಿಲ್ದಾಣಕ್ಕೆ ನಾನು ಹೋಗಲಿಲ್ಲ, ಕಟ್ಟೆ ತೆರೆಯಬೇಕಿತ್ತು.

ಬಾಗಿಲ ಹತ್ತಿರ ಒರಜಾಲಿಯ ಕಾರು ಓಡಿಸುವವನು ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಒಳಗೆ ಕರೆದು ಚಹಾ ಕೊಟ್ಟೆ. ಸಭೆಗೆ ಯಜಮಾನರನ್ನು ಕರೆತರಬೇಕಲ್ಲ, ಇಲ್ಲೇಕೆ ಕೂತೆ ಎಂದು ಕೇಳಿದೆ.

ಯಾವ ಯಜಮಾನರು ಎಂದ ಅವನು. ತಾನು ನಿನ್ನೆಯಿಂದ ಕೆಲಸವಿಲ್ಲದೆ ತಿರುಗುತ್ತಿದ್ದೇನೆ ಎಂದ. ಕಾರಿನ ಬೀಗದ ಕೈ ಇಸಿದುಕೊಂಡು, ಎರಡು ಡಬ್ಬಿ ಪೆಟ್ರೋಲು ಹಿಂದೆ ಹಾಕಿಸಿಕೊಂಡು, ಒರಜಾಲಿ ಒಬ್ಬನೇ ಅರಾಲ್ ದಾರಿ ಹಿಡಿದು ಹೋದದ್ದು ಬುಧವಾರ ಬೆಳಿಗ್ಗೆ.